ಗಬ್ಬದ ಕುದುರೆಯ ಆಮದು: ಒಂದು ಸಾಗಣೆ ಸೇವೆಯ ಪರಾಮರ್ಶೆ

ಗಬ್ಬದ ಹೆಣ್ಣುಗುದುರೆಯೊಂದನ್ನು ಹೊರದೇಶದಿಂದ ವಿಮಾನದಲ್ಲಿ ತರಿಸಿಕೊಳ್ಳುವ ಕೆಲಸವನ್ನು ನಾವು ಒಂದು ಸಾಗಣೆ ಸಂಸ್ಥೆಗೆ ಒಪ್ಪಿಸಿದ್ದೆವು. ಹೊರಡುವ ಮೊದಲಿನ ತಯಾರಿಯಲ್ಲೂ ಪ್ರಯಾಣದಲ್ಲೂ ಅವರ ಸೇವೆ ಮೆಚ್ಚುವಂತಿತ್ತು. ಬಂದಿಳಿದ ನಂತರದ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕಂತಿರಲಿಲ್ಲ.

ಅವರು ಮೊದಲು ಕೇಳಿದ್ದು ಕೊನೆಯ ಬಾರಿ ಗಂಡು ಕೂಡಿಸಿದ ದಿನಾಂಕವನ್ನು. ಮಾರಾಟಗಾರರ ಕಾಗದದಲ್ಲಿ ತಿಂಗಳನ್ನಷ್ಟೇ ಬರೆದಿತ್ತು. ಅದನ್ನು ಒಪ್ಪದೆ, ತಳಿಕೇಂದ್ರದ ದಾಖಲೆಯನ್ನೂ ಸ್ಕ್ಯಾನಿಂಗ್ ವರದಿಯನ್ನೂ ತರಿಸಿ, ಎರಡನ್ನೂ ತಾಳೆ ನೋಡಿದ ಮೇಲೆಯೇ ವಿಮಾನದ ದಿನವನ್ನು ಗೊತ್ತುಮಾಡಿದರು. ಕುದುರೆಯ ಗರ್ಭಾವಧಿ ಸುಮಾರು 340 ದಿನ. ಕೊನೆಯ ಕೂಡಿಕೆಯಾಗಿ 300 ದಿನ ದಾಟಿದ ಕುದುರೆಯನ್ನು ವಿಮಾನಕ್ಕೆ ಹತ್ತಿಸಬಾರದೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ, ಗರ್ಭಾವಧಿಯ ಶೇ. 90ರಷ್ಟು ಕಳೆದ ಪ್ರಾಣಿಯನ್ನು ಸಾಗಿಸುವುದನ್ನು ಐರೋಪ್ಯ ಒಕ್ಕೂಟದ ನಿಯಮವೂ ತಡೆಯುತ್ತದೆ. ಎಣಿಕೆಯಲ್ಲಿ ಕೆಲವೇ ವಾರ ತಪ್ಪಿದರೂ ಕುದುರೆ ದಾರಿಯಲ್ಲೋ ಕ್ವಾರಂಟೈನ್ ಲಾಯದಲ್ಲೋ ಈಯುವ ಪರಿಸ್ಥಿತಿ ಬರಬಹುದು. ಹೀಗಾಗಿ ನಾವು ಕೇಳಿದ್ದ ಪ್ರಯಾಣದ ದಿನಾಂಕವನ್ನು ಅವರು ನಿರಾಕರಿಸಿದ್ದು ಸರಿಯಾಗಿಯೇ ಇತ್ತು.

ರೋಗಪರೀಕ್ಷೆಗಳ ವಿಷಯದಲ್ಲಿ ಅವರ ಪಶುವೈದ್ಯರು ತೋರಿದ ಎಚ್ಚರವನ್ನು ವಿಶೇಷವಾಗಿ ಹೇಳಬೇಕು. ಕುದುರೆಗಳಲ್ಲಿ ಕೂಡಿಕೆಯಿಂದ ಹರಡುವ ಸಾಂಕ್ರಾಮಿಕ ಗರ್ಭಕೋಶದ ಉರಿಯೂತವನ್ನು 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲು ಗುರುತಿಸಲಾಯಿತು. ಹೊರಗೆ ಯಾವ ಲಕ್ಷಣವನ್ನೂ ತೋರದೆ ಹೆಣ್ಣುಗುದುರೆ ಈ ಸೋಂಕನ್ನು ಹೊತ್ತಿರಬಲ್ಲದು. ಗಬ್ಬವಿಲ್ಲದ ಕುದುರೆಯಾದರೆ ಗರ್ಭಕೋಶದ ಒಳಗಿನಿಂದಲೂ ಸ್ವಾಬ್ ತೆಗೆಯಬಹುದು. ಗಬ್ಬದ ಕುದುರೆಯಲ್ಲಿ ಗರ್ಭಕಂಠವನ್ನು ದಾಟುವಂತಿಲ್ಲ, ದಾಟಿದರೆ ಗರ್ಭಕ್ಕೇ ಅಪಾಯ. ಆದ್ದರಿಂದ ವೈದ್ಯರು ಜನನಾಂಗದ ಹೊರಭಾಗದ ಕುಳಿಗಳಿಂದಷ್ಟೇ ಸ್ವಾಬ್ ತೆಗೆದು, ಮಾದರಿ ಕೆಡದಂತೆ ಕಾಯುವ, ಇದ್ದಿಲು ಬೆರೆತ ಪದಾರ್ಥದಲ್ಲಿ ಅದ್ದಿ, ದಿನಾಂಕದ ಜೊತೆಗೆ ಗಂಟೆಯನ್ನೂ ಚೀಟಿಯಲ್ಲಿ ಬರೆದು, ತಂಪುಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರು. ಮಾದರಿ 48 ಗಂಟೆಯೊಳಗೆ ತಲುಪದಿದ್ದರೆ ಪರೀಕ್ಷೆಯನ್ನು ನಂಬಲಾಗದು. ಒಳಗಿನ ಪರೀಕ್ಷೆ ಬಾಕಿ ಉಳಿದಿರುವುದರಿಂದ, ಈದ ಮೇಲೆ ಮತ್ತೆ ಮಾದರಿ ತೆಗೆಯಬೇಕೆಂದು ಅವರೇ ಲಿಖಿತವಾಗಿ ತಿಳಿಸಿದರು. ಹೊಟ್ಟೆಯಲ್ಲಿರುವ ಮರಿಯ ಕ್ಷೇಮವನ್ನೂ ನಾಡಿನ ಉಳಿದ ಕುದುರೆಗಳ ಸುರಕ್ಷತೆಯನ್ನೂ ಒಟ್ಟಿಗೆ ಕಾಪಾಡಲು ನನಗೆ ತಿಳಿದಂತೆ ಇದಕ್ಕಿಂತ ಪ್ರಾಮಾಣಿಕವಾದ ದಾರಿಯಿಲ್ಲ.

ವಿಮಾನದ ಕಟಕಟೆಯಲ್ಲಿ ನಡುವಿನ ಅಡ್ಡಪಟ್ಟಿಯನ್ನು ತೆಗೆಸಿ, ಕುದುರೆಗೆ ಕಾಲು ಅಗಲಿಸಿ ನಿಲ್ಲುವಷ್ಟು ಜಾಗ ಮಾಡಿಕೊಟ್ಟಿದ್ದರು. ತಲೆಯನ್ನು ಬಹಳ ಹೊತ್ತು ಎತ್ತಿ ಕಟ್ಟಿದರೆ ಶ್ವಾಸನಾಳದ ಕಫ ಇಳಿಯದೆ ಪುಪ್ಪುಸಕ್ಕೆ ಸೋಂಕು ತಗಲಬಹುದು. ಅದಕ್ಕಾಗಿ ಜೊತೆಗಿದ್ದ ಆಳು ಆಗಾಗ ಹಗ್ಗ ಸಡಿಲಿಸಿ ಅದು ತಲೆ ತಗ್ಗಿಸುವಂತೆ ನೋಡಿಕೊಂಡರು. ಧೂಳೇಳದಂತೆ ಒಣಹುಲ್ಲನ್ನು ನೆನೆಸಿ ಕೊಟ್ಟರು.

ಕೊರತೆ ಕಂಡದ್ದು ಕ್ವಾರಂಟೈನ್‌ನಲ್ಲಿ. ಕುದುರೆಗಳ ಹರ್ಪಿಸ್ ವೈರಸ್ ದೇಹದಲ್ಲಿ ಅಡಗಿದ್ದು, ಪ್ರಯಾಣದ ಆಯಾಸದಂಥ ಒತ್ತಡದಲ್ಲಿ ಮತ್ತೆ ಎದ್ದು, ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸಬಲ್ಲದು, ಅಂದರೆ ಗರ್ಭಪಾತ ಮಾಡಿಸಬಲ್ಲದು. ಗಬ್ಬದ ಐದು, ಏಳು, ಒಂಬತ್ತನೆಯ ತಿಂಗಳುಗಳಲ್ಲಿ ಲಸಿಕೆ ಹಾಕುವ ರೂಢಿಯಿದ್ದರೂ ಅದು ಪೂರ್ಣ ರಕ್ಷಣೆಯಲ್ಲ. ಕಂದಿನಲ್ಲೂ ಮಾಸಿನಲ್ಲೂ ವೈರಸ್ ಹೇರಳವಾಗಿರುತ್ತದೆ. ಹಾಗಿದ್ದೂ ಕಂದು ಬಿದ್ದರೆ ಅದನ್ನು ಯಾರು ತೆಗೆಯಬೇಕು, ಪರೀಕ್ಷೆಗೆ ಹೇಗೆ ಕಳಿಸಬೇಕು, ಪಕ್ಕದ ಲಾಯಗಳನ್ನು ಎಷ್ಟು ಕಾಲ ಮುಚ್ಚಬೇಕು ಎಂಬುದರ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ. ಲಾಳ ಕಟ್ಟುವವರೊಬ್ಬರು ಬೂಟು ಬದಲಿಸದೆ ಒಳಗೆ ಹೋದದ್ದನ್ನು ನಾನೇ ನೋಡಿ ಆಕ್ಷೇಪಿಸಿದೆ. 2007ರಲ್ಲಿ ಆಸ್ಟ್ರೇಲಿಯಾದ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರದಿಂದ ಕುದುರೆ ಜ್ವರ (ಕುದುರೆಗಳ ಇನ್‌ಫ್ಲುಯೆಂಜಾ) ಹೊರಬಿದ್ದು ಸಾವಿರಾರು ಲಾಯಗಳಿಗೆ ಹರಡಿತು. ಅದು ಬಹುಶಃ ಸೋಂಕು ಅಂಟಿದ ವ್ಯಕ್ತಿಯ ಅಥವಾ ಸಲಕರಣೆಯ ಮೂಲಕವೇ ಹೊರಬಂದಿರಬೇಕೆಂದು ಅಧಿಕೃತ ತನಿಖೆ ಹೇಳಿತ್ತು. ಇಷ್ಟಾದರೂ ಬಾಗಿಲಲ್ಲಿ ಒಬ್ಬ ಜವಾಬ್ದಾರಿ ಕಾವಲುಗಾರನಿಲ್ಲದಿದ್ದುದು ನನಗೆ ಒಪ್ಪಿಗೆಯಾಗಲಿಲ್ಲ.

ನಮ್ಮ ದೂರಿಗೆ ಉತ್ತರವಾಗಿ ಸಂಸ್ಥೆ ಬೂಟು, ಬಟ್ಟೆ ಬದಲಿಸುವ ನಿಯಮವನ್ನು ಬಿಗಿಗೊಳಿಸಿದೆ. ಕಂದಿನ ವಿಷಯದ ಷರತ್ತು ಇನ್ನೂ ಕರಡಿನಲ್ಲಿಯೇ ಇದೆ. ಅದು ಒಪ್ಪಂದದಲ್ಲಿ ಸೇರುವವರೆಗೆ, ಗಬ್ಬವಿಲ್ಲದ ಕುದುರೆಗಳಿಗಷ್ಟೇ ನಾನು ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ.