‘ಕನ್ಫೆಷನ್’ ಆ್ಯಪ್: ಗುರುಗಳ ಮುಂದೆ ಮೊಣಕಾಲೂರುವ ಮುನ್ನ ಎಷ್ಟು ಉಪಯೋಗ?

ಕನ್ಫೆಷನ್ ಎಂದರೆ ಪಾಪನಿವೇದನೆ, ಕ್ಯಾಥೊಲಿಕರು ಗುರುಗಳ (ಪಾದ್ರಿಗಳ) ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ವಿಧಿ. ಅದಕ್ಕೆ ತಯಾರಾಗಲು ನೆರವಾಗುವ ‘ಕನ್ಫೆಷನ್: ಎ ರೋಮನ್ ಕ್ಯಾಥೊಲಿಕ್ ಆ್ಯಪ್’ 2011ರಲ್ಲಿ ಐಫೋನಿಗೆ ಬಂದಾಗ ಅದರ ಬೆಲೆ 1.99 ಡಾಲರ್. ತಯಾರಿಸಿದವರು ಅಮೆರಿಕದ ಇಂಡಿಯಾನಾದ ಲಿಟ್ಲ್ ಐಆ್ಯಪ್ಸ್. ಪ್ರಾರ್ಥನೆ ಪುಸ್ತಕಕ್ಕೆ ಕೊಡುವಂತೆ ಅಲ್ಲಿನ ಧರ್ಮಾಧ್ಯಕ್ಷ ಕೆವಿನ್ ರೋಡ್ಸ್ ಇದಕ್ಕೂ ಇಂಪ್ರಿಮಾಟೂರ್, ಅಂದರೆ ಪ್ರಕಟಿಸಲು ಧರ್ಮಸಭೆಯ ಅನುಮತಿ, ಕೊಟ್ಟರು. ಫೋನಿನಲ್ಲೇ ಪಾಪ ಕಳೆಯುತ್ತದೆಂಬ ಸುದ್ದಿ ಹಬ್ಬಿ, ಹಾಗಾಗದು ಎಂದು ಆಗಿನ ವ್ಯಾಟಿಕನ್ ವಕ್ತಾರ ಫಾದರ್ ಫೆಡೆರಿಕೊ ಲೊಂಬಾರ್ದಿ ಹೇಳಬೇಕಾಯಿತು. ಕ್ಷಮೆಯ ಮಾತು ಗುರುಗಳ ಬಾಯಿಂದಲೇ ಬರಬೇಕು. ಆ್ಯಪ್‌ಗೆ ಉಳಿದಿರುವುದು ಆತ್ಮಶೋಧನೆಯ ಕೆಲಸ, ಅಂದರೆ ಮಾಡಿದ ಪಾಪಗಳನ್ನು ಮೊದಲೇ ನೆನಪಿಸಿಕೊಳ್ಳಲು ನೆರವಾಗುವುದು.

ಅದನ್ನು ಚೆನ್ನಾಗಿಯೇ ಮಾಡುತ್ತದೆ. ಪಾಸ್‌ವರ್ಡ್ ಹಾಕಿ, ವಯಸ್ಸು, ಗಂಡೋ ಹೆಣ್ಣೋ, ಅವಿವಾಹಿತರೋ ವಿವಾಹಿತರೋ ಗುರುಗಳೋ ಸಂನ್ಯಾಸಿಗಳೋ ಎಂದು ತುಂಬಿದರೆ, ಪ್ರಶ್ನೆಗಳು ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಪಟ್ಟಿಯಲ್ಲಿಲ್ಲದ ಪಾಪವನ್ನು ನಾವೇ ಸೇರಿಸಬಹುದು. ಹಿಂದಿನ ಪಾಪನಿವೇದನೆ ಆಗಿ ಎಷ್ಟು ಕಾಲವಾಯಿತೆಂದು ಅದೇ ಲೆಕ್ಕ ಹಾಕುತ್ತದೆ. ಪಶ್ಚಾತ್ತಾಪದ ಪ್ರಾರ್ಥನೆಗಳು 7 ಇವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ವರ್ಷಗಟ್ಟಲೆ ಹೋಗದೆ ಕ್ರಮವೇ ಮರೆತವರಿಗೆ ಇದು ಊರುಗೋಲು.

ಎಡವುವುದು ಪಟ್ಟಿಯಲ್ಲಿ ಮಾಡಿದ ಪಾಪಗಳಿಗೆ ಟಿಕ್ ಹಾಕುವಲ್ಲಿ. ಘೋರ ಪಾಪ ಎನಿಸಲು ಮೂರೂ ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಅದು ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಪರದೆಯ ಮೇಲಿನ ಟಿಕ್ಕಿಗೆ ಈ ತೂಕ ತಿಳಿಯದು. ಘೋರ ಪಾಪವಾದರೆ ಯಾವುದು, ಎಷ್ಟು ಸಲ ಎಂದು ಬಾಯಿಬಿಟ್ಟು ಹೇಳಲೇಬೇಕು. ಅಲ್ಪಪಾಪಕ್ಕೆ ಆ ಕಡ್ಡಾಯವಿಲ್ಲ. ಎಲ್ಲದರಲ್ಲೂ ಪಾಪ ಕಾಣುವ ಅಂಜುಬುರುಕ ಮನಸ್ಸಿನವರು ಈ ಪಟ್ಟಿಯಿಂದ ದೂರವಿರುವುದೇ ಲೇಸು, ಅವರು ಎಲ್ಲಕ್ಕೂ ಟಿಕ್ ಹಾಕಿಬಿಡುತ್ತಾರೆ. ಇನ್ನು ಭಾಷೆ: ಜಗಳವಾಡಿದ್ದು ಕನ್ನಡದಲ್ಲಿ, ಟಿಕ್ ಹಾಕುವುದು ಇಂಗ್ಲಿಷ್‌ನಲ್ಲಿ!

ಗುಟ್ಟಿನ ಮಾತು ಬೇರೆಯೇ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ನೇರವಾಗಿ ಹೊರಗೆಡಹಿದ ಗುರುಗಳು ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕೃತರು. ಫೋನಿಗೆ ಗುಟ್ಟು ಕಾಯುವ ಅಂಥ ಕಟ್ಟಳೆ ಇಲ್ಲ, ಇರುವುದು ಪಾಸ್‌ವರ್ಡ್ ಮಾತ್ರ. ಹೆಸರು, ದಿನ, ಮೊತ್ತ ಏನನ್ನೂ ಬರೆಯಬೇಡಿ, ನಿಮಗಷ್ಟೇ ಅರ್ಥವಾಗುವ ಒಂದು ಪದ ಸಾಕು.

ನಿವೇದನೆ ಮುಗಿದ ಮೇಲೆ ಆ್ಯಪ್ ಪಟ್ಟಿಯನ್ನು ಅಳಿಸುತ್ತದೆ. ನೋಡಲು ಸೊಗಸು, ಆದರೆ ತಪ್ಪು ತಿಳಿವಳಿಕೆ ಹುಟ್ಟುವುದೂ ಅಲ್ಲೇ. ದೇವರ ಹತ್ತು ಆಜ್ಞೆಗಳಲ್ಲಿ ಕದಿಯಬಾರದೆಂಬ ಏಳನೆಯದನ್ನೇ ನೋಡಿ. ಅಂಗಡಿಯ ಗಲ್ಲಾದಿಂದ 5,000 ರೂಪಾಯಿ ತೆಗೆದವನಿಗೆ ದೇವರ ಕರುಣೆಯಿಂದ ಪಾಪಕ್ಷಮೆ ಸಿಗುತ್ತದೆ, ಆದರೆ ಹಣ ಅಂಗಡಿಯವನದೇ. ಮೂರು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿದರೆ ಗುರುಗಳು ವಿಧಿಸಿದ ಪ್ರಾಯಶ್ಚಿತ್ತ ತೀರೀತು, ಸಾಲ ತೀರದು. ಹೆಸರು ಹೇಳದೆ ಹಿಂದಿರುಗಿಸಬಹುದು. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡಬಹುದು. ಮಾಲೀಕ ತೀರಿಕೊಂಡಿದ್ದರೆ ವಾರಸುದಾರರಿಗೆ, ಯಾರೂ ಸಿಗದಿದ್ದರೆ ಬಡವರಿಗೆ. ಎಂಟನೆಯ ಆಜ್ಞೆ ಮುರಿದು ಸುಳ್ಳು ಅಪವಾದ ಹಬ್ಬಿಸಿದ್ದರೆ, ಅದನ್ನು ಕೇಳಿದವರ ಮುಂದೆಯೇ ತಿದ್ದಬೇಕು. ಕೈಲಾಗಿದ್ದೂ ಕೊಡುವ ಮನಸ್ಸಿಲ್ಲ ಎಂದರೆ ಪಶ್ಚಾತ್ತಾಪವೇ ಪೊಳ್ಳು, ಕ್ಷಮೆ ದಕ್ಕುವುದೂ ಅನುಮಾನ.

ಆದ್ದರಿಂದ ಗುರುಗಳ ಬಳಿಯಿಂದ ಎದ್ದ ಕೂಡಲೇ, ಪ್ರಾಯಶ್ಚಿತ್ತವನ್ನೂ ತೀರಿಸಬೇಕಾದ ಬಾಕಿಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಯಾರಿಗೆ ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಪಾಪನಿವೇದನೆಯ ಪೆಟ್ಟಿಗೆಯೊಳಗೆ ಕೂತು ಫೋನ್ ನೋಡಿಕೊಂಡು ಓದಿ ಒಪ್ಪಿಸುವ ಇರಾದೆಯಿದ್ದರೆ, ಎರಡು.