ಮಲೆನಾಡಿನ ಮಳೆಗೆ ಕಳ್ಳಿ ಮನೆ: ಆನ್‌ಲೈನ್ ಗ್ರೀನ್‌ಹೌಸ್ ಕಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ: ಈ ಕಿಟ್‌ನ ಎಲುಬು ಗಟ್ಟಿ, ತೊಗಲು ಕಳಪೆ. ಪೈಪು ಬೇಕೆಂದು ಕೊಳ್ಳುವುದಾದರೆ ಕೊಳ್ಳಿ, ಹೊದಿಕೆ ನೋಡಿ ಮರುಳಾಗಬೇಡಿ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಮಾಲು, ಇದೇ ಫೋಟೊ ಹತ್ತಾರು ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹತ್ತಡಿ ಉದ್ದ, ಆರಡಿ ಅಗಲ, ನಡುವೆ ಏಳಡಿ ಎತ್ತರ, ಮೇಲೆ ಕಮಾನು. ಹಸಿರು ಚೌಕುಳಿ ಗೆರೆಯ ಪ್ಲಾಸ್ಟಿಕ್ ಹೊದಿಕೆ, ಜಿಪ್ ಬಾಗಿಲು, ಎರಡೂ ಪಕ್ಕ ಸೊಳ್ಳೆಪರದೆಯ ಪುಟ್ಟ ಕಿಟಕಿಗಳು. ಇಷ್ಟು ಹೇಳಿದರೆ ಹುಡುಕಿದವರಿಗೆ ಗುರುತು ಸಿಗುತ್ತದೆ. ನಾನು ಕೊಟ್ಟದ್ದು ₹13,500, ಸಾಗರದಿಂದ ಮನೆಗೆ ತಂದ ಆಟೊ ಬಾಡಿಗೆ ಬೇರೆ.

ನಮ್ಮದು ಸಾಗರದ ಹತ್ತಿರದ ಅಡಿಕೆ ತೋಟದ ಮನೆ. ಈ ಕಡೆಯ ಹೆಂಗಸರಿಗೆ ಹೂವಿನ ಹುಚ್ಚು ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಡೇರೆ ಗೆಡ್ಡೆ ಅದಲುಬದಲು ಮಾಡಿಕೊಳ್ಳುವುದು, ಯಾರ ಅಂಗಳದಲ್ಲಿ ಯಾವ ಬಣ್ಣ ಬಂತೆಂದು ನೆನಪಿಟ್ಟುಕೊಳ್ಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನನ್ನ ಹುಚ್ಚು ಹೂ ಬಿಡುವ ಕಳ್ಳಿ ಗಿಡಗಳದು, ಅಂದರೆ ಕ್ಯಾಕ್ಟಸ್‌ನದು. ಕಿಟ್ ಬಿಚ್ಚಿ ಜೋಡಿಸುವಾಗ ಅತ್ತೆ ಜಗಲಿಯಿಂದಲೇ ಕೇಳಿದರು, "ಮುಳ್ಳಿಗೂ ಒಂದು ಮನೆ ಕಟ್ಟದನೇ?" ಅವರ ಪ್ರಶ್ನೆಯಲ್ಲಿ ಅರ್ಥವಿದೆ. ಅವರು ನೆಟ್ಟ ಬ್ರಹ್ಮಕಮಲವೂ ಕಳ್ಳಿ ಕುಲದ್ದೇ. ಕೊಟ್ಟಿಗೆ ಗೋಡೆಗೆ ಆತುಕೊಂಡು, ಜಡಿಮಳೆಯಲ್ಲಿ ನೆನೆಯುತ್ತಲೇ ರಾತ್ರಿ ಹೂ ಬಿಡುತ್ತದೆ. ಆದರೆ ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡು, ಅಲ್ಲಿ ಅದು ಮರದ ಮೇಲೆ ಬದುಕುವ ಗಿಡ. ನನ್ನ ಆಸ್ಟ್ರೋಫೈಟಮ್ ಎಂಬ ಕಳ್ಳಿ ಬಂದದ್ದು ಅದೇ ಮೆಕ್ಸಿಕೊದ ಉತ್ತರದ ಮರುಭೂಮಿ ಸೀಮೆಯಿಂದ, ವರ್ಷವಿಡೀ ಸುರಿದರೂ ಸುಮಾರು 250 ಮಿ.ಮೀ. ಆಗುವ ಜಾಗದಿಂದ. ನಮ್ಮೂರು ಆಗುಂಬೆಯೇನಲ್ಲ, ಅಲ್ಲಿಯ ಸರಾಸರಿ 7000 ಮಿ.ಮೀ. ದಾಟುತ್ತದೆ. ಆದರೂ ಆಸ್ಟ್ರೋಫೈಟಮ್ ವರ್ಷಕ್ಕೆ ಕುಡಿಯುವಷ್ಟು ನೀರು ಇಲ್ಲಿ ಆಷಾಢದ ಒಂದು ವಾರದಲ್ಲೇ ಬಿದ್ದುಹೋಗುತ್ತದೆ.

ಕಿಟ್‌ನ ಮೂಲ ತೊಂದರೆಯೂ ಇಲ್ಲೇ ಇರುವುದು. ಇದನ್ನು ಮಾಡಿರುವುದು ಚಳಿ ದೇಶದವರಿಗೆ. ಅವರಿಗೆ ಒಳಗಿನ ಬಿಸಿ ಹೊರಗೆ ಹೋಗಬಾರದು, ಅದಕ್ಕೇ ನಾಲ್ಕೂ ಕಡೆ ಮುಚ್ಚು, ಕಿಟಕಿ ಸಣ್ಣದು. ನಮಗೆ ಮೇಲಿಂದ ನೀರು ಬೀಳದಿದ್ದರೆ ಸಾಕು, ಉಳಿದಂತೆ ಗಾಳಿ ಎಷ್ಟು ಬಂದರೂ ಒಳ್ಳೆಯದೇ. ಏಪ್ರಿಲ್ ಮಧ್ಯಾಹ್ನ ಬಾಗಿಲು ಹಾಕಿಟ್ಟು ನೋಡಿದೆ, ಒಳಗಿನ ಥರ್ಮಾಮೀಟರ್ 48 ಡಿಗ್ರಿ ತೋರಿಸಿತು. ಮರುಭೂಮಿ ಗಿಡವಲ್ಲವೇ, ತಡೆಯುತ್ತದೆ ಎನ್ನುವವರಿದ್ದಾರೆ. ಮರುಭೂಮಿಯಲ್ಲಿ ರಾತ್ರಿ ತಂಪಾಗುತ್ತದೆ. ಕಳ್ಳಿಗಳು ಉಸಿರಾಟದ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದೇ ರಾತ್ರಿ. ರಾತ್ರಿಯೂ ಸೆಕೆ, ಗಾಳಿಯೂ ಆಡುವುದಿಲ್ಲ ಎಂದರೆ ಗಿಡ ಬೆಳೆಯದೆ ಸುಮ್ಮನೆ ಕೂರುತ್ತದೆ.

ಹೊದಿಕೆಯ ಉಳಿದ ಗುಣಗಳನ್ನೂ ಹೇಳಿ ಮುಗಿಸುತ್ತೇನೆ. ಆ ಹಸಿರು ನೇಯ್ಗೆಯ ಪ್ಲಾಸ್ಟಿಕ್ ಬೆಳಕು ತಿನ್ನುತ್ತದೆ. ಮಳೆಗಾಲದ ಮೋಡದ ಬೆಳಕೇ ಅರೆಬರೆ, ಅದರಲ್ಲೂ ಇದು ಪಾಲು ತೆಗೆದುಕೊಂಡರೆ ದುಂಡಗಿರಬೇಕಾದ ಗಿಡ ತುದಿಯಲ್ಲಿ ಸಪೂರವಾಗಿ, ಬಿಳಿಚಿಕೊಂಡು ಮೇಲೇಳುತ್ತದೆ. ಹಾಗೆ ಎದ್ದ ಮೈ ಮತ್ತೆ ದುಂಡಗಾಗುವುದಿಲ್ಲ. ಹಗಲಲ್ಲಿ ಅರಳುವ ಕಳ್ಳಿ ಹೂವಿಗೆ ಬಿಸಿಲು ತಾಗದಿದ್ದರೆ ಮೊಗ್ಗು ಪೂರ್ತಿ ಬಿಚ್ಚುವುದೂ ಇಲ್ಲ. ಕಮಾನುಗಳ ನಡುವೆ ಹೊದಿಕೆ ಜೋತುಬಿದ್ದು ನೀರು ನಿಲ್ಲುತ್ತದೆ, ಕೋಲಿನಿಂದ ಕೆಳಗಿನಿಂದ ಎತ್ತಿ ಚೆಲ್ಲಬೇಕು. ಜುಲೈ ತಿಂಗಳಲ್ಲಿ ಒಳಮೈಯೆಲ್ಲ ಬೆವರಿ, ಹನಿ ಸರಿಯಾಗಿ ಗಿಡದ ನೆತ್ತಿಗೇ ಬೀಳುತ್ತದೆ. ಜಿಪ್ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿಯಿತು. ಮಾರಿದವರಿಗೆ ಫೋಟೊ ಕಳಿಸಿದ ಮೇಲೆ ತಕರಾರಿಲ್ಲದೆ ಹೊಸ ಹೊದಿಕೆ ಕಳಿಸಿದರು, ಅದನ್ನು ಮೆಚ್ಚಬೇಕು. ಅದರ ಜಿಪ್ಪೂ ಅದೇ ಕಬ್ಬಿಣದ್ದು.

ಪೈಪಿನ ಬಗ್ಗೆ ಮಾತ್ರ ನನ್ನ ದೂರಿಲ್ಲ. ಸತು ಲೇಪಿಸಿದ ಜಿಐ ಪೈಪಿಗೆ ಪೌಡರ್ ಕೋಟಿಂಗ್ ಚೆನ್ನಾಗಿ ಕೂತಿದೆ, ನಟ್ಟು ಬೋಲ್ಟು ಎರಡೆರಡು ಹೆಚ್ಚಿಗೆ ಕೊಟ್ಟಿದ್ದಾರೆ. ಜೋಡಿಸಲು ಇಬ್ಬರು, ಒಂದು ಸ್ಪ್ಯಾನರ್, ಒಂದು ಬೆಳಗು ಸಾಕು. ಸೂಚನೆ ಹಾಳೆಯಲ್ಲಿ ಚಿತ್ರ ಬಿಟ್ಟರೆ ಬೇರೇನೂ ಅರ್ಥವಾಗುವುದಿಲ್ಲ, ಚಿತ್ರವೇ ಸಾಲುತ್ತದೆ.

ಆದ್ದರಿಂದ ನಾನು ಮಾಡಿದ್ದಿಷ್ಟು. ಹೊದಿಕೆಯನ್ನು ಸೌದೆ ಮುಚ್ಚಲು ಕೊಟ್ಟೆ. ಅಡಿಕೆ ಒಣಗಿಸುವ ಪಾಲಿಹೌಸ್‌ಗೆ ನಮ್ಮಲ್ಲಿ ಎಲ್ಲರೂ ಹಾಕುವ 200 ಮೈಕ್ರಾನ್ ದಪ್ಪದ, ಬಿಸಿಲು ತಡೆದುಕೊಳ್ಳುವ ಯುವಿ ಪ್ಲಾಸ್ಟಿಕ್ ಶೀಟನ್ನೇ ತಂದು ಮಾಡಿಗೆ ಮಾತ್ರ ಬಿಗಿದೆವು. ಕಮಾನಿನ ನೆತ್ತಿಯುದ್ದಕ್ಕೂ ಒಂದು ಪಿವಿಸಿ ಪೈಪ್ ಕಟ್ಟಿ ಎತ್ತರಿಸಿದ್ದರಿಂದ ನೀರು ನಿಲ್ಲದೆ ಜಾರುತ್ತದೆ. ಅಂಚನ್ನು ಎರಡಡಿ ಹೊರಚಾಚಿದೆವು, ಇಲ್ಲಿಯ ಮಳೆ ನೆಟ್ಟಗೆ ಬೀಳುವುದಕ್ಕಿಂತ ಓರೆಯಾಗಿ ಬರುವುದೇ ಹೆಚ್ಚು. ಪಕ್ಕಗಳಿಗೆ ಬರೀ ಬಲೆ. ಗಿಡ ಇಡಲು ಅಡಿಕೆ ದಬ್ಬೆಯ ಅಟ್ಟಣಿಗೆ, ನೆಲದಿಂದ ಮೂರಡಿ ಎತ್ತರಕ್ಕೆ. ದಬ್ಬೆಗಳ ಸಂದಿನಿಂದ ಕುಂಡದ ತಳಕ್ಕೂ ಗಾಳಿ ಬರುತ್ತದೆ. ಕುಂಡಕ್ಕೆ ಮಣ್ಣೆಂದರೆ ಜಂಬಿಟ್ಟಿಗೆ ಚೂರು, ಇದ್ದಿಲು, ದಪ್ಪ ಮರಳು, ಹಿಡಿಯಷ್ಟು ಎರೆಗೊಬ್ಬರ. ಹಗುರವಾದ, ತೂತು ತೂತಿನ ಪ್ಯುಮಿಸ್ ಕಲ್ಲನ್ನು ಕಿಲೋ ಲೆಕ್ಕದಲ್ಲಿ ಆನ್‌ಲೈನ್‌ನಲ್ಲಿ ತರಿಸುವವರು ಜಂಬಿಟ್ಟಿಗೆ ಗಣಿಯ ಪಕ್ಕ ಒಮ್ಮೆ ಚೀಲ ಹಿಡಿದು ಹೋಗಿ ಬರಲಿ.

ಈ ಬದಲಾವಣೆ ಆದ ಮೇಲೆಯೇ ಕಿಟ್ ಅನ್ನಿಸಿಕೊಳ್ಳುವ ವಸ್ತು ದುಡಿಯತೊಡಗಿದ್ದು. ಜನವರಿಯಿಂದ ಮ್ಯಾಮಿಲ್ಲೇರಿಯ ಜಾತಿಯ ಕಳ್ಳಿಗಳು ನೆತ್ತಿಯ ಸುತ್ತ ಸಣ್ಣ ಗುಲಾಬಿ ಹೂಗಳ ದಂಡೆ ಕಟ್ಟುತ್ತವೆ, ಆಮೇಲೆ ಅದೇ ಜಾಗದಲ್ಲಿ ಸೂಜಿಮೆಣಸಿನಂಥ ಕೆಂಪು ಕಾಯಿ. ಮಾರ್ಚ್‌ನಲ್ಲಿ ಜಿಮ್ನೋಕ್ಯಾಲಿಸಿಯಮ್. ಇದರ ಮೊಗ್ಗಿನ ಮೇಲೆ ಮುಳ್ಳೂ ಇಲ್ಲ, ಕೂದಲೂ ಇಲ್ಲ, ನುಣುಪಾದ ಹುರುಪೆ ಮಾತ್ರ. ಹೂವು ಹಲವು ದಿನ ಬೆಳಿಗ್ಗೆ ಬಿಚ್ಚಿ ಸಂಜೆ ಮುಚ್ಚಿ ಬಾಳುತ್ತದೆ. ಮುಳ್ಳೇ ಇಲ್ಲದ, ಮೈಮೇಲೆ ಹತ್ತಿಚುಕ್ಕೆ ಇಟ್ಟುಕೊಂಡ ಎಕಿನಾಪ್ಸಿಸ್ ಒಂದಿದೆ. ಅಂಗೈಯಗಲದ ಗಿಡ, ಗೇಣುದ್ದದ ತೊಟ್ಟಿನ ಬಿಳಿ ಹೂ, ಸಂಜೆ ಬಿಚ್ಚಿದರೆ ಮಾರನೆಯ ಬಿಸಿಲು ಏರುವಷ್ಟರಲ್ಲಿ ಮುಗಿಯಿತು. ಅತ್ತೆಗೆ ಒಪ್ಪಿಗೆಯಾದದ್ದು ಇದೊಂದೇ, ಅದೂ ಬ್ರಹ್ಮಕಮಲಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಬೊಲಿವಿಯ, ಅರ್ಜೆಂಟೀನಗಳ ಬೆಟ್ಟದಿಂದ ಬಂದ ರೆಬ್ಯೂಷಿಯ ಮಾತ್ರ ಜುಗ್ಗತನ ಬಿಟ್ಟಿಲ್ಲ. ಅದಕ್ಕೆ ಚಳಿಗಾಲದ ರಾತ್ರಿ ಚೆನ್ನಾಗಿ ತಣ್ಣಗಾಗಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲದು. ಯಾವ ಗ್ರೀನ್‌ಹೌಸೂ ಅದನ್ನು ಸರಿಮಾಡಲಾರದು.

ನೀರಿನ ಲೆಕ್ಕ ಪುಸ್ತಕದಲ್ಲಿರುವಂತೆ ಇಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಕೊಡಿ, ಚಳಿಯಲ್ಲಿ ನಿಲ್ಲಿಸಿ ಎನ್ನುತ್ತಾರೆ. ನಾನು ಡಿಸೆಂಬರ್‌ನಲ್ಲಿ ಒಣಗಿಸುತ್ತೇನೆ, ಜೂನ್‌ನಿಂದ ಆಗಸ್ಟ್‌ವರೆಗೂ ಹೆಚ್ಚುಕಡಿಮೆ ಒಣಗಿಸಿಯೇ ಇಡುತ್ತೇನೆ. ಆ ಗಾಳಿಯಲ್ಲಿರುವ ತೇವದಲ್ಲಿ ಕುಂಡ ಒಮ್ಮೆ ನೆಂದರೆ ಆರುವ ಮಾತಿಲ್ಲ. ಕೊಳೆ ಕಂಡರೆ ಕಂದು ಬಣ್ಣ ಪೂರ್ತಿ ಹೋಗುವವರೆಗೆ ಕೊಯ್ದು, ದಾಲ್ಚಿನ್ನಿ ಪುಡಿ ಹಚ್ಚಿ, ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಬಿಡುವುದು. ತೋಟಕ್ಕೆ ಹೊಡೆಯುವ, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಉಳಿದಿದೆಯೆಂದು ಕಳ್ಳಿಗೆ ಚಿಮುಕಿಸಬೇಡಿ, ನೀಲಿ ಕಲೆ ವರ್ಷಗಟ್ಟಲೆ ನಿಲ್ಲುತ್ತದೆ. ಹಿಟ್ಟು ತಿಗಣೆಗೆ ಸರ್ಜಿಕಲ್ ಸ್ಪಿರಿಟ್, ಹತ್ತಿಕಡ್ಡಿ, ತಾಳ್ಮೆ. ಮಂಗಕ್ಕೆ ಮಾತ್ರ ಮದ್ದಿಲ್ಲ. ಹಲಸಿನ ಮರದ ಕೆಳಗೆ ಈ ಕಿಟ್ ನಿಲ್ಲಿಸಿದರೆ ಶೀಟಿನ ಆಯುಷ್ಯ ಹಣ್ಣಾಗುವವರೆಗೆ ಅಷ್ಟೇ.

ಕಿಟ್ ಕೊಂಡವರು ಮುಂದಿನ ವಾರವೇ ಗಿಡ ಕೊಳ್ಳುತ್ತಾರೆ, ಅದಕ್ಕೊಂದು ಮಾತು. ಕಾಲಿಂಪಾಂಗ್ ಕಡೆಯ ನರ್ಸರಿಗಳಿಂದ ಬೇರು ತೊಳೆದು, ಕಾಗದ ಸುತ್ತಿ ಕೊರಿಯರ್‌ನಲ್ಲಿ ಬರುವ ಗಿಡಗಳಿಗೆ ಹೆದರಬೇಕಿಲ್ಲ, ಕಳ್ಳಿ ಆ ಪ್ರಯಾಣ ತಡೆಯುತ್ತದೆ. ಬಂದ ಕೂಡಲೇ ನೀರು ಹಾಕಬೇಡಿ, ವಾರ ಬಿಡಿ. ಜಾತ್ರೆ, ಫ್ಲವರ್ ಶೋಗಳಲ್ಲಿ ನೆತ್ತಿಯ ಮೇಲೆ ಹೂವಿಟ್ಟುಕೊಂಡು ನಿಂತ ಕಳ್ಳಿ ಕಂಡರೆ ಎಸಳು ಮುಟ್ಟಿ ನೋಡಿ. ಕಾಗದದ ಹಾಗೆ ಸರಸರ ಎಂದರೆ ಅದು ಬಿಸಿ ಗೋಂದಿನಿಂದ ಅಂಟಿಸಿದ ಒಣಹೂ. ಕಿತ್ತರೆ ಗಿಡದ ಬೆಳೆಯುವ ತುದಿಯೇ ಕಿತ್ತುಬರುತ್ತದೆ.

ಬೆಲೆಗೆ ಬರೋಣ. ಇದೇ ಅಳತೆಗೆ ಸಾಗರದ ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದಾಗ ಇನ್ನೂ ದಪ್ಪ ಪೈಪಿನಲ್ಲಿ ₹18,000 ಹೇಳಿದ್ದರು, ಮಾಡು ಚೂಪಾಗಿ, ನೀರಿಳಿಯುವಂತೆ. ಕಿಟ್‌ಗೆ ಹೊಸ ಶೀಟು, ಬಲೆ, ಕೂಲಿ ಸೇರಿದರೆ ಅಂತರ ಏನೂ ಉಳಿಯುವುದಿಲ್ಲ. ಸ್ವಂತ ಜಾಗ ಇದ್ದವರು ವೆಲ್ಡಿಂಗ್ ಅಂಗಡಿಗೇ ಹೋಗುವುದು ಮೇಲು. ಬಾಡಿಗೆ ಮನೆಯವರಿಗೆ, ಬಿಚ್ಚಿ ಕೊಂಡೊಯ್ಯಬೇಕಾದವರಿಗೆ ಕಿಟ್ ಸರಿ. ಚಿತ್ರದುರ್ಗ, ಬಳ್ಳಾರಿ ಕಡೆಯವರಾದರೆ ಹೊದಿಕೆಯ ಗೊಡವೆಯೇ ಬೇಡ, ಬರೀ ಪೈಪಿಗೆ 50 ಪರ್ಸೆಂಟ್ ಶೇಡ್ ನೆಟ್ ಎಳೆದು, ಮಳೆ ಬಂದ ದಿನಕ್ಕೆ ಒಂದು ತಾಡಪಾಲು ಇಟ್ಟುಕೊಂಡರೆ ನಡೆಯುತ್ತದೆ. ಯಾವ ಊರಾದರೂ ಕಿಟ್‌ನಲ್ಲಿ ಕೊಡುವ ಮೊಳೆಗಳನ್ನು ನಂಬಬೇಡಿ. ಇಡೀ ಚೌಕಟ್ಟನ್ನು ಇಬ್ಬರು ಎತ್ತಬಹುದು, ಮೇ ತಿಂಗಳ ಗಾಳಿ ಒಬ್ಬನೇ ಎತ್ತುತ್ತಾನೆ. ಆರೂ ಕಾಲುಗಳನ್ನು ಒಂದೊಂದೂವರೆ ಅಡಿ ಗುಂಡಿಯಲ್ಲಿಟ್ಟು ಕಾಂಕ್ರೀಟ್ ಹಾಕಿಸಿ, ಬಾಡಿಗೆ ಮನೆಯಾದರೆ ಸಿಮೆಂಟು ತುಂಬಿದ ಬಕೆಟ್‌ಗಳಲ್ಲಿ ನಿಲ್ಲಿಸಿ.