ಬಾಳೆಗೊನೆ ಒಂದು, ಲೆಕ್ಕದ ದಾರಿ ಮೂರು

ತಂಗಿ ಇಂಜಿನಿಯರಿಂಗ್ ಮೊದಲ ವರ್ಷ. ಸ್ಟ್ಯಾಟಿಕ್ಸ್, ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ (ಫೋರ್ಸ್) ಪಾಠ ಶುರುವಾದ ಕೂಡಲೇ ಅವಳ ಪ್ರಶ್ನೆ: "ಅಕ್ಕ, ಯಾವ ಮೆಥಡ್‌ನಲ್ಲಿ ಮಾಡುವುದು?" ಕಲ್ಯಾಣಪುರದ ನಮ್ಮ ಮನೆಯಲ್ಲಿ ಅವತ್ತೇ 10 ಕೆಜಿಯ ಬಾಳೆಗೊನೆ ಕಡಿದಿದ್ದರು. ಅದನ್ನು ಜಂತಿಗೆ ಎರಡು ಹಗ್ಗದಲ್ಲಿ ತೂಗುಹಾಕಿದೆವು. ಎಡದ ಹಗ್ಗ ಜಂತಿಗೆ 30 ಡಿಗ್ರಿ, ಬಲದ್ದು 45. ಪ್ರತಿ ಹಗ್ಗದಲ್ಲಿ ಎಳೆತ ಎಷ್ಟು ಅನ್ನುವುದೇ ಲೆಕ್ಕ. ಎರಡು ಹಗ್ಗಕ್ಕೂ ಒಂದೊಂದು ಕೊಕ್ಕೆ ತಕ್ಕಡಿ. ಲೆಕ್ಕ ತಪ್ಪಾದರೆ ತಕ್ಕಡಿಯೇ ಹೇಳುತ್ತದೆ ಅಲ್ವಾ?

ಮೊದಲು ಲಾಮಿ ಥಿಯರಮ್. 17ನೇ ಶತಮಾನದ ಫ್ರೆಂಚ್ ಪಾದ್ರಿ ಬರ್ನಾರ್ಡ್ ಲಾಮಿಯ ಹೆಸರಿನದ್ದು. ಒಂದೇ ಬಿಂದುವಿನಲ್ಲಿ ಮೂರು ಬಲ ಸಮತೋಲದಲ್ಲಿದ್ದರೆ, ಪ್ರತಿ ಬಲವನ್ನೂ ಉಳಿದೆರಡರ ನಡುವಿನ ಕೋನದ ಸೈನ್‌ನಿಂದ ಭಾಗಿಸಿದಾಗ ಒಂದೇ ಸಂಖ್ಯೆ ಬರುತ್ತದೆ. ತಂಗಿ ಅವಸರದಲ್ಲಿ ಎಡ ಹಗ್ಗದ ಕೆಳಗೆ ಸೈನ್ 30 ಬರೆದಳು. ಉತ್ತರ 5.2 ಬಂತು. ತಕ್ಕಡಿ ಏಳು ದಾಟಿತ್ತು! ಅಲ್ಲಿ ಬರಬೇಕಾದದ್ದು ಬಲದ ಹಗ್ಗ ಮತ್ತು ಭಾರದ ನಡುವಿನ ಕೋನ, ಅಂದರೆ 90 ಕೂಡಿಸು 45, 135 ಡಿಗ್ರಿ. ಸರಿ ಮಾಡಿದ ಮೇಲೆ ಎಡಕ್ಕೆ 7.32, ಬಲಕ್ಕೆ 8.97 ಕೆಜಿ. ಎರಡೇ ಸಾಲಿನ ಕೆಲಸ. ನ್ಯೂಟನ್ ಬೇಕಿದ್ದರೆ 9.81ರಿಂದ ಗುಣಿಸಿ.

ಆಗ ಅವಳು ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. "ಗೊನೆ 10 ಕೆಜಿ. ಎರಡು ಹಗ್ಗ ಸೇರಿ 16 ದಾಟಿತಲ್ಲ, ಜಾಸ್ತಿ ಎಲ್ಲಿಂದ ಬಂತು?"

ಲಾಮಿಯ ಸೂತ್ರದಲ್ಲಿ ಇದಕ್ಕೆ ಉತ್ತರ ಕಾಣುವುದಿಲ್ಲ. ಕಾಂಪೊನೆಂಟ್ ಮಾಡಿದರೆ ಕಾಣುತ್ತದೆ. ಪ್ರತಿ ಬಲವನ್ನೂ ಅಡ್ಡ ಮತ್ತು ಲಂಬ ಅಂತ ಒಡೆದೆವು. ಲಂಬದಲ್ಲಿ ಎಡ ಹಗ್ಗ 3.66, ಬಲ ಹಗ್ಗ 6.34. ಕೂಡಿಸಿದರೆ ಸರಿಯಾಗಿ 10. ಅಡ್ಡದಲ್ಲಿ ಎರಡೂ 6.34, ಒಂದು ಆ ಕಡೆ, ಇನ್ನೊಂದು ಈ ಕಡೆ. ಅಂದರೆ ಹಗ್ಗಗಳು ಗೊನೆಯನ್ನು ಹೊರುವುದರ ಜೊತೆಗೆ ಒಂದನ್ನೊಂದು ಎಳೆಯುತ್ತಿವೆ. ತಂಗಿ ಸ್ವಲ್ಪ ಹೊತ್ತು ಸುಮ್ನೆ ಹಗ್ಗವನ್ನೇ ನೋಡುತ್ತಾ ನಿಂತಳು.

ಮೂರನೆಯದು ಗ್ರಾಫ್. ಒಂದು ಸೆಂಟಿಮೀಟರ್‌ಗೆ ಒಂದು ಕೆಜಿ. 10 ಸೆಂಟಿಮೀಟರ್ ಲಂಬ ಗೆರೆ ಎಳೆದು ಒಂದು ತುದಿಯಲ್ಲಿ 60, ಇನ್ನೊಂದರಲ್ಲಿ 45 ಡಿಗ್ರಿಗೆ ಗೆರೆ ಹಾಕಿದರೆ ತ್ರಿಕೋನ ಮುಚ್ಚುತ್ತದೆ. ಸ್ಕೇಲಿನಲ್ಲಿ 7.3 ಮತ್ತು 9. ಒಂದು ಮಿಲಿಮೀಟರ್ ತಪ್ಪಿದರೆ 100 ಗ್ರಾಂ ತಪ್ಪು. ಉತ್ತರ ತಾಳೆ ನೋಡಲು ಒಳ್ಳೆಯದು, ಅಷ್ಟೇ.

ಕೊನೆಗೆ ಗೊನೆಗೆ ಇನ್ನೊಂದು ಹಗ್ಗ ಕಟ್ಟಿ, ಎಡಕ್ಕೆ ಅಡ್ಡವಾಗಿ 2 ಕೆಜಿ ಬಲದಲ್ಲಿ ಎಳೆಯಲು ಹೇಳಿದೆ. ಈಗ ಒಟ್ಟು ನಾಲ್ಕು ಬಲಗಳು. ಲಾಮಿ ಅಲ್ಲಿಗೇ ಮುಗಿಯಿತು. ಕಾಂಪೊನೆಂಟ್‌ನಲ್ಲಿ ಅಡ್ಡದ ಸಾಲಿಗೆ 2 ಸೇರಿಸಿದ್ದು ಬಿಟ್ಟರೆ ಏನೂ ಬದಲಾಗಲಿಲ್ಲ. ಎಡ ಹಗ್ಗ 5.86ಕ್ಕೆ ಇಳಿಯಿತು, ಬಲದ್ದು 10ಕ್ಕೆ ಏರಿತು.

ಹಾಗಾಗಿ ಅವಳಿಗೆ ಹೇಳಿದ್ದು ಇಷ್ಟು. ಯಾವ ದಾರಿಯಾದರೂ ಫ್ರೀ ಬಾಡಿ ಡಯಾಗ್ರಾಮ್ ಮೊದಲು, ಅಂದರೆ ವಸ್ತುವನ್ನು ಬೇರೆಯಾಗಿ ಬರೆದು ಅದರ ಮೇಲಿನ ಬಲಗಳನ್ನೆಲ್ಲ ಬಾಣದಲ್ಲಿ ತೋರಿಸುವ ಚಿತ್ರ. ಕೈ ಪಳಗಬೇಕಾದದ್ದು ಕಾಂಪೊನೆಂಟ್‌ನಲ್ಲಿ. ನಾಳೆ ಬೀಮ್ (ತೊಲೆ) ಬಂದಾಗ ಅದಕ್ಕೇ ಮೊಮೆಂಟ್‌ನ, ಅಂದರೆ ಬಲ ವಸ್ತುವನ್ನು ತಿರುಗಿಸುವ ಪರಿಣಾಮದ, ಒಂದು ಸಾಲು ಸೇರುತ್ತದೆ. ಲಾಮಿಯನ್ನು ಬಿಡುವುದು ಬೇಡ. ಗುಂಡಿಯಲ್ಲಿ ಎರಡು ರೋಲರ್ ಇಟ್ಟ ಲೆಕ್ಕದಲ್ಲಿ ಮೇಲಿನ ರೋಲರ್‌ಗೆ ಮೂರೇ ಬಲ, ಅಲ್ಲಿ ನಾನು ಈಗಲೂ ಲಾಮಿಯನ್ನೇ ಹಾಕುತ್ತೇನೆ. ಕೆಳಗಿನದ್ದಕ್ಕೆ ಕಾಂಪೊನೆಂಟ್.